ಮರದ ಹಂಚಿನ ಇಗರ್ಜಿ, ನಮ್ಮೂರ ದೇವಸ್ಥಾನದ ಮಾಡು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮೂರಿನ ಸುದ್ದಿ ಬಂದಿತ್ತು. ನಾಲ್ಕೇ ಸಾಲು. ದೇವಸ್ಥಾನದ ಹಳೇ ಮಾಡು, ಅಂದರೆ ಹಂಚಿನ ಸೂರು, ಇಳಿಸಿ ಆರ್‌ಸಿಸಿ ಸ್ಲ್ಯಾಬ್ ಹಾಕುವುದು, ಕಂಬಗಳಿಗೆ ಗ್ರಾನೈಟ್ ಹೊದಿಸುವುದು ಅಂತ ಊರವರ ಸಭೆಯಲ್ಲಿ ಒಮ್ಮತದಿಂದ ತೀರ್ಮಾನ ಆಯಿತು ಎಂದು ಬರೆದಿದ್ದೀರಿ. ಒಮ್ಮತ ಅನ್ನುವುದು ತಪ್ಪು. ಆ ಸಭೆಯಲ್ಲಿ ನಾನಿದ್ದೆ. ದೇವಸ್ಥಾನದ ಹಜಾರ, ನಾವು ಚಂದ್ರಶಾಲೆ ಅನ್ನುವುದು, ಅದರ ಕಂಬದ ಹಿಂದೆ, ಹೆಂಗಸರ ಕಡೆ ಕೂತಿದ್ದೆ. ಒಪ್ಪಿಗೆ ಇದ್ದವರು ಕೈ ಎತ್ತಿ ಅಂದಾಗ ನಾನು ಎತ್ತಲಿಲ್ಲ. ಬೇಡ ಅನ್ನುವವರು ಎತ್ತಿ ಅಂತ ಯಾರೂ ಕೇಳಲೇ ಇಲ್ಲ. ಅಷ್ಟರಲ್ಲಿ ಅವಲಕ್ಕಿ, ಚಹಾ ಬಂತು. ಸಭೆ ಮುಗಿಯಿತು.

ನನಗೀಗ 66 ವರ್ಷ. ಹುಟ್ಟಿದ್ದು ಹೊನ್ನಾವರದ ಕಡೆ, ಶರಾವತಿ ಹೊಳೆ ದಂಡೆಯಲ್ಲಿ. ಕೊಟ್ಟಿದ್ದು ಘಟ್ಟದ ಮೇಲೆ, ಶಿರಸಿ ತಾಲೂಕಿಗೆ. ಒಂದೂವರೆ ಎಕರೆ ತೋಟ, ಎರಡು ಆಕಳು. ಪೇಪರಿಗೆ ಬರೆಯುವುದು ಇದೇ ಮೊದಲು. ಉದ್ದ ಆದರೆ ಕತ್ತರಿಸಿಕೊಳ್ಳಿ. ಆ ‘ಒಮ್ಮತ’ ಒಂದನ್ನು ಮಾತ್ರ ತಿದ್ದಿ.

ನಾನು ಸಭೆಯಲ್ಲಿ ಬಾಯಿ ಬಿಡಲಿಲ್ಲ ಅನ್ನುವುದು ನನ್ನದೇ ತಪ್ಪು. ಹೇಳಬೇಕಾಗಿದ್ದ ಮಾತು ಉದ್ದ ಇತ್ತು. ಅದು ಶುರುವಾಗುವುದು ಫಿನ್‌ಲ್ಯಾಂಡಿನಿಂದ. ಚಂದ್ರಶಾಲೆಯಲ್ಲಿ ಎದ್ದು ನಿಂತು ‘ಫಿನ್‌ಲ್ಯಾಂಡಿನಲ್ಲಿ ಏನಾಯ್ತು ಅಂದರೆ’ ಅಂತ ಶುರು ಮಾಡಿದ್ದರೆ ಹುಡುಗರು ನಗುತ್ತಿದ್ದರು. ವಿದೇಶ ನೋಡಿ ಬಂದವಳ ಜಂಬ ಅನ್ನುತ್ತಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಹೋಗಿದ್ದೆ. ಮಗಳು, ಅಳಿಯ ಇರುವುದು ಫಿನ್‌ಲ್ಯಾಂಡಿನ ತಾಂಪೆರೆ ಎಂಬ ಊರಿನಲ್ಲಿ. ಲೇಹ್ಯ, ಮೆಣಸಿನಕಾಳು, ಎರೆಯುವುದಕ್ಕೆ ಕೊಬ್ಬರಿ ಎಣ್ಣೆ ಎಲ್ಲ ಕಟ್ಟಿಕೊಂಡು ಹೋದೆ. ಅಲ್ಲಿ ನೋಡಿದರೆ ಮಗು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿತ್ತು! ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಗೊತ್ತಾಯಿತು, ಆ ದೇಶದಲ್ಲಿ 1938ರಿಂದ ಸರ್ಕಾರವೇ ಬಸುರಿಯರಿಗೆ ಮಗುವಿನ ಬಟ್ಟೆಬರೆ ತುಂಬಿದ ಪೆಟ್ಟಿಗೆ ಕೊಡುತ್ತದೆ, ಅದರಲ್ಲೇ ಮಗು ಮಲಗಿಸುವುದು ಅಲ್ಲಿಯ ಪದ್ಧತಿ. ಇದು ಈ ಪತ್ರಕ್ಕೆ ಬೇಕಾದ್ದಲ್ಲ. ಆದರೆ ನಾವು ಮೊದಲು ನೋಡಿದ ಕೂಡಲೇ ಅರ್ಥ ಮಾಡಿಕೊಂಡಿದ್ದು ಎಷ್ಟು ಸಲ ತಪ್ಪಾಗಿರುತ್ತದೆ ಅಂತ ನೆನಪಾಯಿತು, ಬರೆದೆ.

ಮಗುವಿಗೆ ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಅಳಿಯ ಕಾರು ತೆಗೆದ. ‘ಅತ್ತೆ, ನಿಮಗೆ ಒಂದು ಹಳೇ ಇಗರ್ಜಿ ತೋರಿಸುತ್ತೇನೆ, ದೂರ ಇಲ್ಲ’ ಅಂದ. ನಾನು ಒಲ್ಲೆ ಅಂದಿದ್ದೆ. ಹೊನ್ನಾವರ, ಚಂದಾವರದಲ್ಲಿ ಇಗರ್ಜಿ ನೋಡಿಕೊಂಡೇ ಬೆಳೆದವಳು ನಾನು. ನಮ್ಮ ಶಾಲೆಯ ಅರ್ಧ ಗೆಳತಿಯರು ಕ್ರಿಶ್ಚಿಯನ್ನರು. ಅದರಲ್ಲಿ ನೋಡುವುದೇನಿದೆ ಅನಿಸಿತ್ತು.

ಊರಿನ ಹೆಸರು ಸಾಸ್ತಮಲ. ನಾನು ಬಾಯಿಗೆ ಬಂದ ಹಾಗೆ ಶಾಸ್ತ್ರಮಾಲೆ ಅಂದೆ, ಮಗಳು ನಕ್ಕಳು. ಆ ಭಾಗಕ್ಕೆ ಹಳೇ ಹೆಸರು ಟ್ಯೂರ್ವಾ. ಇಗರ್ಜಿ ಇರುವುದು ಒಂದು ಕೆರೆಯ ದಂಡೆಯಲ್ಲಿ. ಕೆರೆ ಅಂದರೆ ನಮ್ಮ ಊರಿನ ಕೆರೆಯಲ್ಲ, ಆಚೆ ದಡ ಸಣ್ಣಗೆ ಕಾಣುತ್ತದೆ. ಅದರ ಹೆಸರು ರೌತವೇಸಿ. ಕಬ್ಬಿಣದ ನೀರು ಅಂತ ಅರ್ಥವಂತೆ. ಸುತ್ತ ಗೋಧಿ, ಓಟ್ಸ್ ಗದ್ದೆ. ಅದರಾಚೆ ಕಾಡು. ಜನವೇ ಇಲ್ಲ. ಆ ಕಡೆ ಹಳೇ ಇಗರ್ಜಿಗಳು ಹೆಚ್ಚಾಗಿ ನೀರಿನ ದಂಡೆಯಲ್ಲೇ ಇರುತ್ತವಂತೆ. ಬೇಸಿಗೆಯಲ್ಲಿ ಊರಿಗೊಂದು ಉದ್ದದ ದೋಣಿ, ಎಲ್ಲ ಸೇರಿ ಹುಟ್ಟು ಹಾಕಿಕೊಂಡು ಬರುವುದು. ಚಳಿಗಾಲದಲ್ಲಿ ಅದೇ ನೀರು ಗಟ್ಟಿಯಾಗುತ್ತದೆ, ಅದರ ಮೇಲೇ ಜಾರುಬಂಡಿ. ಗೇರುಸೊಪ್ಪೆಯ ಚತುರ್ಮುಖ ಬಸದಿ ನೋಡಲು ನಮ್ಮ ಅಪ್ಪ ನಮ್ಮನ್ನು ದೋಣಿಯಲ್ಲೇ ಹೊಳೆ ದಾಟಿಸಿ ಕರೆದುಕೊಂಡು ಹೋಗಿದ್ದರು. ನೀರು ದಾಟಿ ಕಾಡಿನೊಳಗೆ ಕಲ್ಲಿನ ಕಟ್ಟಡ ಕಾಣುವುದು ಅಂದರೆ ಏನು ಅಂತ ನನಗೆ ಗೊತ್ತು.

ಟ್ಯೂರ್ವಾದ ಇಗರ್ಜಿಗೆ ಸಂತ ಓಲಾಫನ ಹೆಸರು. ಕಟ್ಟಿದ್ದು ಹದಿನಾರನೇ ಶತಮಾನದ ಆರಂಭದಲ್ಲಿ. ಇಲ್ಲಿ ಹಂಪೆಯಲ್ಲಿ ಕೃಷ್ಣದೇವರಾಯ ಇದ್ದ ಕಾಲ ಅಂದುಕೊಳ್ಳಿ. ದೊಡ್ಡದೇನಲ್ಲ. ಗೋಪುರ ಇಲ್ಲ, ಗುಮ್ಮಟ ಇಲ್ಲ. ಬೂದು ಬಣ್ಣದ ಕಾಡುಗಲ್ಲು. ಕೆತ್ತಿ ನುಣುಪು ಮಾಡಿದ್ದಲ್ಲ, ಹೊಲದಲ್ಲಿ ಸಿಕ್ಕ ಹಾಗೇ ಹೊಂದಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ್ದು. ಗೋಡೆಯ ದಪ್ಪ ನೋಡಬೇಕು, ಕಿಟಕಿಯೊಳಗೆ ನನ್ನ ತೋಳು ಪೂರ್ತಿ ಚಾಚಿದರೂ ಆಚೆ ಅಂಚು ಸಿಗಲಿಲ್ಲ. ಅದರ ಮೇಲೆ ಕಡಿದಾದ ಮಾಡು. ಗೋಡೆಗಿಂತ ಮಾಡೇ ಎತ್ತರ. ಹಿಮ ನಿಲ್ಲದೆ ಜಾರಬೇಕಲ್ಲ, ನಮ್ಮಲ್ಲಿ ಮಳೆನೀರು ಜಾರಬೇಕಾದ ಹಾಗೆ. ಮುಂದೆ ಒಂದು ಸಣ್ಣ ಜಗಲಿಕೋಣೆ. ಅದಕ್ಕೆ ಆಯುಧದ ಮನೆ ಅಂತ ಕರೆಯುತ್ತಾರೆ. ಗಂಡಸರು ಕತ್ತಿ, ಈಟಿ ಅಲ್ಲಿಟ್ಟು ಒಳಗೆ ಹೋಗಬೇಕಿತ್ತು ಅಂತ ಹೇಳಿಕೆ. ನಾವು ಚಪ್ಪಲಿ ಬಿಡುವ ಹಾಗೆ. ಹಿಂದಿನ ಕಾಲದಲ್ಲಿ ಒಳಗೆ ಹೆಂಗಸರು ಎಡಗಡೆ, ಗಂಡಸರು ಬಲಗಡೆ ಕೂರುತ್ತಿದ್ದರಂತೆ. ನನಗೆ ನಗು ಬಂತು. ಅಲ್ಲೂ ಹಾಗೇ!

ಮಾಡಿಗೆ ಹೊದಿಸಿದ್ದು ಹಂಚೇ, ಆದರೆ ಮಣ್ಣಿನದಲ್ಲ, ಮರದ್ದು. ಮರವನ್ನು ಎಳೆ ಹಿಡಿದು ಸೀಳಿ ತೆಗೆದ ಚಕ್ಕೆಗಳು. ಅಂಗೈ ಅಗಲ, ಮೊಳದುದ್ದ. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು. ಒಳಗೆ ಬೆಂಚಿನ ಮೇಲೆ ಒಂದು ಚಕ್ಕೆ ನೋಡಲಿಕ್ಕೆ ಅಂತ ಇಟ್ಟಿದ್ದರು. ಕೈಗೆ ತೆಗೆದುಕೊಂಡೆ. ಹಗುರ. ಒಂದು ಮುಖ ಕಪ್ಪಗೆ ಮಿರಿಮಿರಿ ಅನ್ನುತ್ತಿತ್ತು. ಮೂಸಿ ನೋಡಿದೆ ನೋಡಿ, ಅಲ್ಲೇ ನಿಂತುಬಿಟ್ಟೆ.

ಗೇರೆಣ್ಣೆ!

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ನಮ್ಮ ಗೇರೆಣ್ಣೆಯೇ ಅಲ್ಲ ಬಿಡಿ. ಅದು ಪೈನ್ ಮರದ ಬೇರು, ಬೊಡ್ಡೆಯನ್ನು ಗಾಳಿ ಆಡದಂತೆ ಮುಚ್ಚಿ ನಿಧಾನಕ್ಕೆ ಸುಟ್ಟು ಇಳಿಸುವ ಮರದ ಡಾಂಬರು. ಒಂದು ಕಾಲಕ್ಕೆ ಹಡಗಿಗೆ ಬಳಿಯಲು ಅದನ್ನು ಫಿನ್‌ಲ್ಯಾಂಡಿನಿಂದ ಯುರೋಪಿಗೆಲ್ಲ ಕಳಿಸುತ್ತಿದ್ದರು. ಸೌನಾ ಎಂಬ ಹಬೆಸ್ನಾನ, ಸಾರಾಯಿ, ಡಾಂಬರು ಮೂರರಲ್ಲೂ ಗುಣ ಆಗದಿದ್ದರೆ ಆ ಕಾಯಿಲೆ ಒಯ್ಯದೆ ಬಿಡುವುದಿಲ್ಲ ಅಂತ ಅವರಲ್ಲಿ ಗಾದೆ. ಆದರೆ ಮೂಗಿಗೆ ಬಡಿದಿದ್ದು ಮಾತ್ರ ನನ್ನ ತವರಿನ ವಾಸನೆ. ಮಳೆಗಾಲಕ್ಕೆ ಮುಂಚೆ ಅಪ್ಪ ಒರಲೆ ಹತ್ತಬಾರದು ಅಂತ ಮಾಡಿನ ಮರದ ಪಟ್ಟಿಗಳಾದ ಪಕಾಸು, ರೀಪಿಗೆಲ್ಲ ಗೇರೆಣ್ಣೆ ಬಳಿಸುತ್ತಿದ್ದರು. ಹೊಳೆ ದಂಡೆಯಲ್ಲಿ ಮಗುಚಿ ಹಾಕಿದ ದೋಣಿಗಳಿಂದಲೂ ಅಂಥದೇ ಒಂದು ಘಾಟು, ಜೊತೆಗೆ ಮೀನೆಣ್ಣೆಯದು. ಕೈಗೆ ತಾಗಿದರೆ ಗುಳ್ಳೆ ಏಳುತ್ತದೆ ಅಂತ ಆಯಿ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ.

ಈಗ ಮುಖ್ಯ ವಿಷಯ. ಆ ಮಾಡಿನ ಒಂದು ಚಕ್ಕೆಯೂ ಐನೂರು ವರ್ಷದ್ದಲ್ಲ. ಬೆಂಚು ಹಳೇದಲ್ಲ, ಬಾಗಿಲು ಹಳೇದಲ್ಲ, ಚಾವಣಿ ಹಳೇದಲ್ಲ. ಹಳೇದು ಕಲ್ಲಿನ ಗೋಡೆ ಒಂದೇ.

1997ರಲ್ಲಿ ಆ ಊರಿನ ಜನ ತಾವೇ ಕೈಯಾರೆ ದುಡಿದು ಮಾಡಿಗೆ ಹೊಸ ಮರದ ಹಂಚು ಹೊದಿಸಿ ಮುಗಿಸಿದ್ದರು. ಅದೇ ವರ್ಷ ಸೆಪ್ಟೆಂಬರ್ 21ಕ್ಕೆ ಯಾರೋ ಬೇಕಂತಲೇ ಬೆಂಕಿ ಹಚ್ಚಿದರು. ಡಾಂಬರು ಬಳಿದ ಒಣ ಮರ, ಕೇಳಬೇಕೇ? ಮಾಡು, ಒಳಗಿನ ಬೆಂಚು, ಹದಿನೆಂಟನೇ ಶತಮಾನದ ಬಣ್ಣದ ಮರಗೆಲಸ, ಎಲ್ಲ ಹೋಯಿತು. ಬೆಳಗಾದಾಗ ನಾಲ್ಕು ಗೋಡೆ ನಿಂತಿತ್ತು. ಒಳಗೆ ನಿಂತರೆ ಆಕಾಶ.

ಇದನ್ನು ನಮಗೆ ಹೇಳಿದವಳು ಅಲ್ಲಿ ಬೇಸಿಗೆಯಲ್ಲಿ ಬಂದವರಿಗೆ ತೋರಿಸಲು ಕೂರುವ ಒಬ್ಬ ಹೆಂಗಸು. ನನ್ನದೇ ವಾರಿಗೆ. ಅವಳ ಮಾತನ್ನು ಮಗಳು ಕನ್ನಡಕ್ಕೆ ಮಾಡಿ ಹೇಳಿದಳು. ಬೆಂಕಿ ಬಿದ್ದ ಮೇಲೆ ಏನು ಮಾಡಿದಿರಿ ಅಂತ ಕೇಳಿದೆ. ಅವಳು ಒಂದೇ ಶಬ್ದ ಹೇಳಿದಳು. ತಾಲ್ಕೊತ್. ಮಗಳು ಅದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ತಡಕಾಡಿದಳು. ಊರವರೆಲ್ಲ ಸೇರುವುದು, ಸಂಬಳ ಇಲ್ಲ, ಊಟ ಇದೆ, ಇವತ್ತು ನಿನ್ನ ಮನೆ ನಾಳೆ ನನ್ನ ಮನೆ, ಅಂತೆಲ್ಲ. ನಾನಂದೆ, ‘ಮುಯ್ಯಾಳು ಅಲ್ವನೇ ಅದು!’

ಮುಯ್ಯಾಳು ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನಾನು ಮದುವೆಯಾಗಿ ಬಂದಾಗ ನಮ್ಮ ಕೊಟ್ಟಿಗೆಗೆ, ಅಡಿಕೆ ಚಪ್ಪರಕ್ಕೆ ಎಲ್ಲ ಸೋಗೆಯದೇ ಮಾಡು. ವರ್ಷಾ ವರ್ಷಾ ಮಳೆಗೆ ಮೊದಲು ಹೊಸ ಸೋಗೆ ಹೊದಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಹಾಗಾಗಿ ಮನೆಗೊಂದು ಆಳು. ಇವತ್ತು ನಮ್ಮನೆಗೆ ಹತ್ತು ಜನ ಬಂದರೆ ನಮ್ಮವರು ಹತ್ತು ಮನೆಗೆ ಹೋಗಿ ತೀರಿಸಬೇಕು. ಕೆಳಗಿಂದ ಒಬ್ಬರು ಸೋಗೆ ಎಸೆಯುವುದು, ಮೇಲೆ ಒಬ್ಬರು ಹಿಡಿದು ಕಟ್ಟುವುದು. ಮಧ್ಯಾಹ್ನ ಪಾಯಸ. ದುಡ್ಡಿನ ಮಾತೇ ಇಲ್ಲ. ಲೆಕ್ಕ ಮಾತ್ರ ಪಕ್ಕಾ. ಯಾರು ಬರಲಿಲ್ಲ ಅಂತ ಮೂರು ವರ್ಷ ನೆನಪಿರುತ್ತಿತ್ತು!

ಟ್ಯೂರ್ವಾದಲ್ಲಿ ಇಗರ್ಜಿ ಎದ್ದಿದ್ದು ಹಾಗೇ. ಈಗಷ್ಟೇ ಮಾಡು ಹೊದಿಸಿ ಕೈ ತೊಳೆದುಕೊಂಡವರು ಮತ್ತೆ ಅದೇ ಕೆಲಸಕ್ಕೆ ನಿಂತರು. ಮರ ಕಡಿದರು. ಕೊಡಲಿಯಲ್ಲಿ ಚೌಕ ಮಾಡಿದರು. ಸಾವಿರಗಟ್ಟಲೆ ಚಕ್ಕೆ ಸೀಳಿದರು. ಹಳೇ ಕಾಲದಲ್ಲಿ ಹೇಗೆ ಮಾಡುತ್ತಿದ್ದರೋ ಹಾಗೆ, ಕಲಿತುಕೊಂಡು ಮಾಡಿದರು. 2003ರ ಹೊತ್ತಿಗೆ ಇಗರ್ಜಿ ಮತ್ತೆ ಬಾಗಿಲು ತೆರೆಯಿತು. ಬೆಂಚಿನ ಅಂಚಿಗೆ ಬೆರಳಾಡಿಸಿದರೆ ಉಳಿ, ಕೊಡಲಿಯ ಏಟು ಸಣ್ಣಗೆ ತಟ್ಟುತ್ತದೆ. ತೋರಿಸುವ ಹೆಂಗಸು ನನ್ನನ್ನು ಮೂರನೇ ಸಾಲಿನ ಹತ್ತಿರ ಕರೆದುಕೊಂಡು ಹೋಗಿ ಒಂದು ಜಾಗ ಮುಟ್ಟಿಸಿದಳು. ಅಲ್ಲಿ ಕೊಡಲಿ ಸ್ವಲ್ಪ ಜಾಸ್ತಿ ಒಳಗೆ ಹೋಗಿದೆ. ‘ಇದು ನನ್ನ ತಮ್ಮನ ಕೆಲಸ, ಅವನಿಗೆ ಅವಸರ ಜಾಸ್ತಿ’ ಅಂದಳು. ಹಾಗಾದರೆ ನೀನೇನು ಮಾಡಿದೆ ಅಂತ ಕೇಳಿದೆ. ಅವಳು ಮೇಲೆ ತೋರಿಸಿದಳು. ಚಕ್ಕೆ ಸೀಳಿದ್ದು, ಹೊತ್ತಿದ್ದು, ಡಾಂಬರು ಬಳಿದಿದ್ದು. ಅಡಿಗೆ ಯಾರು ಮಾಡಿದರು ಅಂತ ನಾನು ಕೇಳಲಿಲ್ಲ. ಆ ಪ್ರಶ್ನೆ ಬಾಯಿತುದಿಯವರೆಗೆ ಬಂದಿತ್ತು, ನಾಚಿಕೆಯಾಗಿ ನುಂಗಿಕೊಂಡೆ.

ಒಂದು ವಿಷಯ ನನಗೆ ಬಹಳ ಹಿಡಿಸಿತು. ಸುಟ್ಟುಹೋದ ಹಳೇ ಚಿತ್ರಗಳನ್ನೇ ಮತ್ತೆ ನಕಲು ಮಾಡಿ ಬರೆಸಲಿಲ್ಲ ಅವರು. ಈಗಿನ ಇಬ್ಬರು ಕಲಾವಿದರನ್ನು ಕರೆದರು. ಕೂಟಿ ಲಾವೊನೆನ್ ಮತ್ತು ಓಸ್ಮೊ ರೌಹಾಲ. ರೌಹಾಲ ಅನ್ನುವವರು ರೈತರೂ ಹೌದಂತೆ, ಕೇಳಿ ಖುಷಿಯಾಯಿತು. 2005ರಿಂದ 2009ರವರೆಗೆ ಇಬ್ಬರೂ ಸೇರಿ 101 ಚಿತ್ರ ಬರೆದರು. ಕೆಲವು ನನಗೆ ಅರ್ಥವಾಗಲಿಲ್ಲ. ಕೆಲವು ಮುಖಗಳು ಎಷ್ಟು ನೋವಿನಲ್ಲಿದ್ದವು ಅಂದರೆ ಮಗು ಎತ್ತಿಕೊಂಡು ಜಾಸ್ತಿ ಹೊತ್ತು ನೋಡಲಾಗಲಿಲ್ಲ. ಅಂತೂ ಹೊಸದು ಹೊಸದರ ಹಾಗೇ ಕಾಣುತ್ತದೆ, ಕಲ್ಲು ಕಲ್ಲಿನ ಹಾಗೇ ಕಾಣುತ್ತದೆ. ಎರಡೂ ಜಗಳ ಆಡುವುದಿಲ್ಲ.

ಇಲ್ಲಿಂದ ನಮ್ಮೂರಿಗೆ ಬರುತ್ತೇನೆ.

ನಮ್ಮ ದೇವಸ್ಥಾನ ಬನವಾಸಿಯ ಮಧುಕೇಶ್ವರ ಅಲ್ಲ. ಭಟ್ಕಳದ ಕೇತಪೈ ನಾರಾಯಣನ ಗುಡಿಯೂ ಅಲ್ಲ. ಅಲ್ಲಿ ಮಾಡನ್ನೂ ಕಲ್ಲಿನ ಹಲಗೆಯಲ್ಲೇ ಇಳಿಜಾರಾಗಿ ಹೊದಿಸಿದ್ದಾರೆ, ಮರಗೆಲಸದವನು ಕಲ್ಲು ಹಿಡಿದರೆ ಹೇಗೋ ಹಾಗೆ. ಅಂಥವಕ್ಕೆ ಪುರಾತತ್ವ ಇಲಾಖೆಯ ನೀಲಿ ಬೋರ್ಡು ಇರುತ್ತದೆ, ಮುಟ್ಟಿದರೆ ದಂಡ ಅಂತ. ನಮ್ಮದಕ್ಕೆ ಬೋರ್ಡಿಲ್ಲ. ಕಲ್ಲಿನ ಗರ್ಭಗುಡಿ, ಚಿರೆಕಲ್ಲಿನ ಪೌಳಿ, ಎಂಟು ಮರದ ಕಂಬದ ಚಂದ್ರಶಾಲೆ, ಮೇಲೆ ಮಂಗಳೂರು ಹಂಚು. ಈ ಜಿಲ್ಲೆಯಲ್ಲಿ ಇಂಥವು ಎಷ್ಟಿವೆಯೋ. ಫಿನ್‌ಲ್ಯಾಂಡಿನಲ್ಲಿ 1917ಕ್ಕೆ ಮೊದಲು ಕಟ್ಟಿದ ಇಗರ್ಜಿ ಅಂದರೆ ಸಾಕು, ಬೋರ್ಡು ಬೇಡ, ಕಾನೂನೇ ಅದನ್ನು ಕಾಯುತ್ತದೆ. ಇಲ್ಲಿ ಸಭೆ ಸೇರಿ ಕೈ ಎತ್ತಿದರೆ ಮುಗಿಯಿತು.

ಸಮಿತಿಯವರು ಕೆಟ್ಟವರಲ್ಲ. ಎಲ್ಲರೂ ನಮ್ಮವರೇ. ಅವರು ಹೇಳುವುದರಲ್ಲಿ ಹುರುಳಿಲ್ಲ ಅಂತಲೂ ಹೇಳಲಾರೆ. ಮಂಗನ ಕಾಟ ನನಗೂ ಗೊತ್ತು. ಒಂದು ಹಿಂಡು ಮಾಡಿನ ಮೇಲೆ ಓಡಿದರೆ ಇಪ್ಪತ್ತು ಹಂಚು ಚೂರು. ಹತ್ತಿ ಸರಿಮಾಡಲು ಆಳು ಸಿಗುವುದಿಲ್ಲ. ಸಿಕ್ಕವನು ಕೇಳುವ ಕೂಲಿ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಒಂದು ಪಕಾಸು ಬದಲಿಸಬೇಕೆಂದರೆ ಮರ ಎಲ್ಲಿಂದ ತರುವುದು? ಬೆಟ್ಟದಲ್ಲಿ ಬಿದ್ದ ಮತ್ತಿ ಮರವನ್ನೂ ಪರವಾನಗಿ ಇಲ್ಲದೆ ಮುಟ್ಟುವ ಹಾಗಿಲ್ಲ. ಹಾಗಾಗಿ ಸ್ಲ್ಯಾಬ್ ಹಾಕಿಬಿಟ್ಟರೆ ಒಂದೇ ಸಲಕ್ಕೆ ತಲೆನೋವು ಹೋಗುತ್ತದೆ ಅನ್ನುತ್ತಾರೆ.

ಹೋಗುತ್ತದೆಯೇ? ಶಿರಸಿ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಸ್ಲ್ಯಾಬ್ ಹಾಕಿದ ಮನೆಗಳ ಮೇಲೆಲ್ಲ ತಗಡಿನ ಮಾಡು ಇದೆ. ಯಾಕೆ? ನಮ್ಮ ಮಳೆಗೆ ಸ್ಲ್ಯಾಬ್ ಸೋರುತ್ತದೆ. ಸೋರುವ ಹಂಚಾದರೆ ಅದೊಂದನ್ನು ತೆಗೆದು ಬೇರೆ ಇಡಬಹುದು. ಸೋರುವ ಸ್ಲ್ಯಾಬಿನಲ್ಲಿ ನೀರು ಎಲ್ಲಿ ಇಳಿಯಿತು, ಎಲ್ಲಿ ತೊಟ್ಟಿಕ್ಕಿತು ಅಂತ ಹುಡುಕುವುದೇ ಆಗುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಗಾರೆ ಹಪ್ಪಳದ ಹಾಗೆ ಕಳಚುತ್ತದೆ. ಇನ್ನು ಚಿರೆಕಲ್ಲಿನ ಗೋಡೆ. ಅದು ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣ ಬಳಿದಿದ್ದರೆ ಅದಕ್ಕೆ ದಾರಿ ಇರುತ್ತದೆ. ಮೇಲೆ ಸಿಮೆಂಟು ಮೆತ್ತಿ ದಾರಿ ಮುಚ್ಚಿದರೆ ತೇವ ಒಳಗೇ ಕೂರುತ್ತದೆ. ಇದು ನಾನು ಓದಿದ ಶಾಸ್ತ್ರವಲ್ಲ. ನಮ್ಮದೇ ಬಚ್ಚಲುಮನೆ ಗೋಡೆಗೆ ಸಿಮೆಂಟು ಮಾಡಿಸಿ ಕಲಿತಿದ್ದು.

ಅರ್ಧ ಕೆಲಸ ಆಗಲೇ ಕೆಟ್ಟಿದೆ ಅನ್ನುವುದನ್ನೂ ಹೇಳಬೇಕು. ನಾಲ್ಕು ವರ್ಷದ ಹಿಂದೆ ಗರ್ಭಗುಡಿಯ ಕಲ್ಲಿನ ಚೌಕಟ್ಟಿಗೆ, ಚಂದ್ರಶಾಲೆಯ ಕಂಬಗಳಿಗೆ ಆಯಿಲ್ ಪೇಂಟ್ ಹೊಡೆಸಿದರು. ಕಲ್ಲಿಗೆ ಬಂಗಾರದ ಬಣ್ಣ, ಮರಕ್ಕೆ ಚಾಕಲೇಟ್ ಬಣ್ಣ. ಆಗ ನಾನೂ ಚಂದ ಕಂಡಿತು ಅಂದಿದ್ದೆ. ಫಿನ್‌ಲ್ಯಾಂಡಿನಿಂದ ಬಂದ ಮೇಲೆ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಹೋಗಿ ಒಂದು ಕಂಬದ ಬುಡದಲ್ಲಿ, ಹಿಂಬದಿಗೆ, ಚಮಚದ ಹಿಡಿಯಿಂದ ಸ್ವಲ್ಪ ಕೆರೆದು ನೋಡಿದೆ. ಇದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ, ಬೈಯುವವರು ಬೈಯಲಿ. ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಹಲಸಿನ ಮರ, ಜೇನಿನ ಬಣ್ಣಕ್ಕೆ ತಿರುಗಿದ್ದು. ಅದರ ಮೇಲೆ ಬಾಚಿಯ ಏಟು, ಒಂದರ ಪಕ್ಕ ಒಂದು, ಸಣ್ಣ ಸಣ್ಣ ಹೊಂಡ. ಎಡಕ್ಕೆ ವಾಲಿದ ಏಟು. ಕೆತ್ತಿದವನು ಎಡಗೈಯವನಿರಬೇಕು. ಯಾರೋ ಏನೋ, ಹೆಸರಿಲ್ಲ. ಆ ಏಟಿನ ಮೇಲೆ ಗ್ರಾನೈಟು ಹೊದಿಸುತ್ತಾರಂತೆ.

ಹಂಚಿನ ಮಾಡೂ ಮೊದಲಿಂದ ಇದ್ದದ್ದಲ್ಲ ಅಂತ ಸಮಿತಿಯ ಹಿರಿಯರೊಬ್ಬರು ನನಗೆ ಹೇಳಿದರು. ಸರಿಯೇ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ. ಅದಕ್ಕೂ ಮುಂಚೆ ನಾಡಹಂಚೋ ಸೋಗೆಯೋ ಇದ್ದಿರಬೇಕು. ಪಾದ್ರಿಗಳು ತಂದ ಹಂಚು ನಮ್ಮ ದೇವರ ನೆತ್ತಿ ಕಾದಿದೆ ಅನ್ನುವುದೇ ಒಂದು ಚಂದದ ವಿಷಯ. ಸೋಗೆ ಹೋಗಿ ಹಂಚು ಬಂದಾಗ ಕೆಳಗಿನ ತೊಲೆ, ಕಂಬ, ಗೋಡೆ ಉಳಿದವು. ಮಾಡಿನ ಇಳಿಜಾರು ಉಳಿಯಿತು. ಹೊದಿಕೆ ಬದಲಾಯಿತು ಅಷ್ಟೇ. ಈಗ ಆಗಲಿರುವುದು ಹೊದಿಕೆ ಬದಲಿಸುವುದಲ್ಲ, ತಲೆಯನ್ನೇ ತೆಗೆಯುವುದು. ತೊಲೆ, ಪಕಾಸು ಎಲ್ಲ ಹರಾಜಿಗೆ ಹೋಗುತ್ತದೆ. ಗಿರಾಕಿ ಆಗಲೇ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ ಅಂತ ಕೇಳಿದೆ. ಯಾವುದೋ ರೆಸಾರ್ಟಿಗಂತೆ. ನಮಗೆ ಹಳೇದಾಗಿದ್ದು ಅವರಿಗೆ ಬೇಕಾಗಿದೆ ನೋಡಿ.

ನನಗೆ ತಿಳಿದಷ್ಟು ಹೇಳುತ್ತೇನೆ, ಸರಿ ಕಂಡರೆ ತೆಗೆದುಕೊಳ್ಳಲಿ. ಮೊದಲು ಒಬ್ಬ ಒಳ್ಳೆ ಆಚಾರಿಯನ್ನು ಕರೆಸಿ ಯಾವ ಪಕಾಸು ಗಟ್ಟಿ, ಯಾವುದು ಲಡ್ಡಾಗಿದೆ ಅಂತ ಒಂದೊಂದೇ ತಟ್ಟಿ ನೋಡಿಸಲಿ. ನಮ್ಮ ಕೇರಿಯಲ್ಲೇ ಒಬ್ಬರಿದ್ದಾರೆ, ವಯಸ್ಸಾಗಿದೆ, ಹತ್ತಲಾರರು. ಕೆಳಗೆ ಕುರ್ಚಿ ಹಾಕಿ ಕೂರಿಸಿದರೆ ಸದ್ದು ಕೇಳಿಯೇ ಹೇಳಬಲ್ಲರು. ನನ್ನ ಅಂದಾಜಿಗೆ ಕಾಲು ಭಾಗವೂ ಹಾಳಾಗಿಲ್ಲ. ಮರದ ಮಾತಾದರೆ ನಮ್ಮ ಅಂಗಳದ ಹಲಸಿನ ಮರ ಒಂದಿದೆ, ಕಾಯಿ ಬಿಡುವುದು ನಿಂತು ಎರಡು ವರ್ಷ ಆಯಿತು. ಪರವಾನಗಿಗೆ ಅರ್ಜಿ ಹಾಕುವ ಓಡಾಟ ನಮ್ಮನೆಯವರದ್ದು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಮಂಗನಿಗೆ ಹಂಚಿನ ಮೇಲೆ ಬಲೆ ಹಾಸಿದರೆ ಆಗುತ್ತದೋ ನೋಡಬೇಕು.

ಬೆಂಕಿಯ ವಿಷಯವೂ ಇದೆ. ಟ್ಯೂರ್ವಾದ ಕತೆ ಕೇಳಿದ ಮೇಲೆ ನನಗೆ ದೀಪೋತ್ಸವದ ದಿನ ನಿದ್ದೆ ಬರುವುದಿಲ್ಲ. ಚಂದ್ರಶಾಲೆಯ ಮರದ ಮುಚ್ಚಿಗೆಯ ಕೆಳಗೇ ಸೀರಿಯಲ್ ಲೈಟಿನ ಸರ, ಅದರ ವಯರಿಗೆ ಅಲ್ಲಲ್ಲಿ ಟೇಪು ಸುತ್ತಿದೆ. ಪಕ್ಕದಲ್ಲೇ ನಂದಾದೀಪ. ಹಿಂದಿನ ಕೋಣೆಯಲ್ಲಿ ಎರಡು ಗ್ಯಾಸ್ ಸಿಲಿಂಡರ್. ವಯರಿಂಗ್ ಹೊಸದು ಮಾಡಿಸಲಿ, ಅದಕ್ಕೆ ಬೇಕಾದರೆ ನಾನೂ ವಂತಿಗೆ ಕೊಡುತ್ತೇನೆ. ಒಂದು ದಿನ ಊರಿನ ಹುಡುಗರು ಮೊಬೈಲ್ ಹಿಡಿದು ಕಂಬ ಕಂಬ, ತೊಲೆ ತೊಲೆ ಫೋಟೋ ತೆಗೆಯಲಿ, ಟೇಪು ಹಿಡಿದು ಅಳತೆ ಬರೆದಿಡಲಿ. ನಾಳೆ ಏನಾದರೂ ಆದರೆ ನಮ್ಮ ಕೈಯಲ್ಲಿ ಒಂದು ಕಾಗದವೂ ಇಲ್ಲ. ಜಾತ್ರೆಯಲ್ಲಿ ಸೆಲ್ಫಿ ತೆಗೆಯುವವರಿಗೆ ಇದೇನು ಕಷ್ಟವೇ?

ಹಂಚಿನ ಕೆಲಸ ಅಂತೂ ಮುಯ್ಯಾಳಿನಲ್ಲೇ ಆಗಬೇಕು. ನಮ್ಮ ಊರಿನಲ್ಲಿ ನಲವತ್ತು ಮನೆ. ಮನೆಗೊಬ್ಬರು ಬಂದರೆ ಎರಡು ಭಾನುವಾರದಲ್ಲಿ ಹಂಚು ಇಳಿಸಿ, ತೊಳೆದು, ಒಡೆದಿದ್ದು ಬೇರೆ ಮಾಡಿ, ರೀಪಿಗೆ ಗೇರೆಣ್ಣೆ ಬಳಿದು ಮತ್ತೆ ಹೊದಿಸಬಹುದು. ಹಂಚು ಕೈಯಾಡಿಸುವುದು ಅಂತ ಇದನ್ನು ವರ್ಷವರ್ಷ ಮಾಡುತ್ತಿದ್ದೆವು. ಬೆಂಗಳೂರಿನಲ್ಲಿ ಇರುವ ಮಕ್ಕಳು ಸ್ಲ್ಯಾಬಿಗೆ ಅಂತ ಫೋನಿನಲ್ಲೇ ದುಡ್ಡು ಕಳಿಸುತ್ತಾರೆ. ಕಳಿಸಲಿ, ಬೇಡ ಅನ್ನುವುದಿಲ್ಲ. ಅದರ ಬದಲು ಎರಡು ದಿನ ಬಂದು ಮಾಡು ಹತ್ತಿದರೆ ಇನ್ನೂ ಒಳ್ಳೆಯದು. ಹತ್ತಲು ಬಾರದಿದ್ದರೆ ಕಲಿಯಲಿ. ಟ್ಯೂರ್ವಾದವರೂ ಚಕ್ಕೆ ಸೀಳುವುದನ್ನು ಹೊಟ್ಟೆಯಲ್ಲೇ ಕಲಿತು ಬಂದವರಲ್ಲ.

ನಿಮ್ಮ ಪತ್ರಿಕೆ ನಮ್ಮೂರಿಗೆ ಮೊದಲ ಬಸ್ಸಿಗೆ ಬರುತ್ತದೆ. ಸಮಿತಿಯವರೆಲ್ಲ ಓದುತ್ತಾರೆ. ಇಳಿಸುವ ಕೆಲಸ ಶುರುವಾಗುವುದು ಸಂಕಷ್ಟಿ ಕಳೆದ ಮೇಲೆ ಅಂತ ಕೇಳಿದೆ. ಅದಕ್ಕೆ ಮೊದಲು ಇನ್ನೊಂದು ಸಭೆ ಕರೆಯಲಿ. ಈ ಸಲ ಬೇಡ ಅನ್ನುವವರೂ ಕೈ ಎತ್ತಿ ಅಂತ ಕೇಳಲಿ. ಅವಲಕ್ಕಿ ಸ್ವಲ್ಪ ತಡವಾಗಿ ಬರಲಿ.

ಮುಯ್ಯಾಳಿಗೆ ನಮ್ಮನೆಯಿಂದ ಇಬ್ಬರು ಅಂತ ಬರೆದುಕೊಳ್ಳಿ. ನನ್ನ ಹೆಸರು ಅಡಿಗೆಯ ಪಟ್ಟಿಗೆ ಸೇರಿಸಬೇಡಿ. ಹಂಚು ದಾಟಿಸುವ ಸಾಲಿನಲ್ಲಿ ನಿಲ್ಲುತ್ತೇನೆ, ಏಣಿಯ ಬುಡದಲ್ಲಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಶಿರಸಿ ತಾಲೂಕು

(ಹೆಸರು ಹಾಕುವುದು ಬೇಡ. ಊರವರಿಗೆ ಹೇಗೂ ಗೊತ್ತಾಗುತ್ತದೆ.)